ವಿಯೆನ್ನಾ ಒಪ್ಪಂದದ ಕೆತ್ತನೆ ಚಿತ್ರ ಮತ್ತು ಅದರ ಅಡಿಬರಹ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಯುರೋಪಿನ ಶಾಂತಿ ಒಪ್ಪಂದಗಳನ್ನು ಕುರಿತು ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಲೇಖನದ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಅದರ ಮೇಲ್ಭಾಗದಲ್ಲಿ ಅರ್ಧ ಪುಟದಷ್ಟು ದೊಡ್ಡದಾಗಿ ಅಚ್ಚಾಗಿದ್ದ ಕೆತ್ತನೆ ಚಿತ್ರದ ಕೆಳಗೆ ‘1815ರ ಜೂನ್ 9ರಂದು ವಿಯೆನ್ನಾದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕುತ್ತಿರುವ ಯುರೋಪಿನ ನಾಯಕರು’ ಎಂಬ ಅಡಿಬರಹವಿತ್ತು. ಚಿತ್ರ ರಚಿಸಿದವರ ಹೆಸರಿರಲಿಲ್ಲ, ಕೆತ್ತಿದವರ ಹೆಸರಿರಲಿಲ್ಲ, ಅದು ಯಾವ ವರ್ಷದ್ದೆಂಬ ಮಾಹಿತಿಯೂ ಇರಲಿಲ್ಲ. ಆ ಒಂದು ಸಾಲಿನಲ್ಲಿ ದಿನಾಂಕ ಮತ್ತು ಊರು ಸರಿಯಾಗಿವೆ, ಉಳಿದದ್ದು ಸರಿಯಿಲ್ಲ. ಸಣ್ಣ ತಪ್ಪೆಂದು ಬಿಟ್ಟುಬಿಡಲು ನನಗೆ ಮನಸ್ಸು ಬರಲಿಲ್ಲ, ಏಕೆಂದರೆ ಈ ಚಿತ್ರವನ್ನು ನಮ್ಮಲ್ಲಿ ಬಹಳಷ್ಟು ಜನ ಛಾಯಾಚಿತ್ರವನ್ನು ನೋಡುವಂತೆ ನೋಡುತ್ತಾರೆ, ಅಲ್ಲಿ ಕಂಡದ್ದೆಲ್ಲ ಹಾಗೆಯೇ ನಡೆಯಿತೆಂದು ನಂಬುತ್ತಾರೆ.

ಮೊದಲು ಚಿತ್ರವನ್ನೇ ನೋಡೋಣ. ನೆಪೋಲಿಯನ್ ಸೋತ ಮೇಲೆ ಯುರೋಪಿನ ಗಡಿಗಳನ್ನು ಇತ್ಯರ್ಥಪಡಿಸಲು 1814-15ರಲ್ಲಿ ವಿಯೆನ್ನಾದಲ್ಲಿ ಸೇರಿದ ರಾಷ್ಟ್ರಗಳ ಸಮಾವೇಶದ ಚಿತ್ರವದು. ಒಂದು ವಿಶಾಲವಾದ ಕೋಣೆಯಲ್ಲಿ ಇಪ್ಪತ್ತಮೂರು ಜನ ಇದ್ದಾರೆ. ಕೆಲವರು ಕುಳಿತಿದ್ದಾರೆ, ಕೆಲವರು ಕುರ್ಚಿಗಳ ಹಿಂದೆ ನಿಂತಿದ್ದಾರೆ. ನಡುಭಾಗದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಆರಾಮವಾಗಿ ಕುಳಿತಿರುವವರು ಬ್ರಿಟನ್ನಿನ ವಿದೇಶಾಂಗ ಸಚಿವ ಲಾರ್ಡ್ ಕ್ಯಾಸಲ್‌ರೀ. ಎದ್ದು ನಿಂತು ಅವರತ್ತ ಕೈ ತೋರುತ್ತಿರುವವರು ಆಸ್ಟ್ರಿಯಾದ ವಿದೇಶಾಂಗ ಸಚಿವ ಮೆಟರ್ನಿಕ್. ಬಲಗಡೆಯಲ್ಲಿ ಮೇಜಿನ ಮೇಲೆ ತೋಳೂರಿ ಕುಳಿತವರು ಫ್ರಾನ್ಸಿನ ಪ್ರತಿನಿಧಿ ಟ್ಯಾಲಿರ್ಯಾಂಡ್. ಎಡಗಡೆಯ ಅಂಚಿನಲ್ಲಿ, ಪಾರ್ಶ್ವಮುಖವಷ್ಟೇ ಕಾಣುವಂತೆ, ಆಗತಾನೇ ಒಳಗೆ ಬಂದವರ ಹಾಗೆ ನಿಂತಿರುವವರು ಬ್ರಿಟನ್ನಿನ ಸೇನಾನಿ ಡ್ಯೂಕ್ ಆಫ್ ವೆಲ್ಲಿಂಗ್ಟನ್. ಯಾರ ಕೈಯಲ್ಲೂ ಸಹಿ ಹಾಕಲು ಎತ್ತಿದ ಲೇಖನಿಯಿಲ್ಲ, ಸಹಿಗಾಗಿ ಯಾರೂ ಬಾಗಿಲ್ಲ. ಚಿತ್ರದ ವಸ್ತು ಸಹಿಯಲ್ಲವೇ ಅಲ್ಲ. ವೆಲ್ಲಿಂಗ್ಟನ್ನರ ಆಗಮನ ಅದರ ವಸ್ತು.

ಈಗ ದಿನಾಂಕಗಳನ್ನು ಗಮನಿಸಬೇಕೆಂದು ಕೋರುತ್ತೇನೆ. ವೆಲ್ಲಿಂಗ್ಟನ್ ವಿಯೆನ್ನಾಕ್ಕೆ ಬಂದದ್ದು 1815ರ ಫೆಬ್ರವರಿಯ ಆರಂಭದಲ್ಲಿ, ಅದೂ ಕ್ಯಾಸಲ್‌ರೀ ಅವರ ಜಾಗವನ್ನು ತುಂಬುವುದಕ್ಕಾಗಿ. ಕ್ಯಾಸಲ್‌ರೀ ಲಂಡನ್ನಿನ ಸಂಸತ್ತಿಗೆ ಉತ್ತರ ಹೇಳಬೇಕಾಗಿದ್ದುದರಿಂದ ಅದೇ ತಿಂಗಳ ನಡುವಿನಲ್ಲಿ ಊರು ಬಿಟ್ಟರು. ಅಂದರೆ ಇವರಿಬ್ಬರೂ ವಿಯೆನ್ನಾದಲ್ಲಿ ಒಟ್ಟಿಗೆ ಇದ್ದದ್ದು ಹೆಚ್ಚೆಂದರೆ ಎರಡು ವಾರ. ಅನಂತರ ಮಾರ್ಚ್ 7ರಂದು ನೆಪೋಲಿಯನ್ ತಾನು ಗಡಿಪಾರಾಗಿದ್ದ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡ ಸುದ್ದಿ ಬಂತು; ವೆಲ್ಲಿಂಗ್ಟನ್ ಕೂಡ ಆ ತಿಂಗಳ ಕೊನೆಯಲ್ಲಿ ಸೈನ್ಯದ ಹೊಣೆ ಹೊರಲು ಹೊರಟುಹೋದರು. ಅಂತಿಮ ಒಪ್ಪಂದಕ್ಕೆ ಸಹಿ ಬಿದ್ದ ಜೂನ್ 9ರಂದು ಅವರು ಬೆಲ್ಜಿಯಂ ನೆಲದಲ್ಲಿದ್ದರು. ಅದಾದ ಒಂಬತ್ತನೆಯ ದಿನ ವಾಟರ್ಲೂ ಕದನ ನಡೆಯಿತು. ಒಪ್ಪಂದದಲ್ಲಿ ಬ್ರಿಟನ್ನಿನ ಪರವಾಗಿ ಇರುವ ಸಹಿಗಳು ಕ್ಲಾನ್‌ಕಾರ್ಟಿ, ಕ್ಯಾತ್‌ಕಾರ್ಟ್ ಮತ್ತು ಸ್ಟೂವರ್ಟ್ ಅವರವು. ಈ ಮೂವರೂ ಚಿತ್ರದಲ್ಲಿದ್ದಾರೆ, ಆದರೆ ನಮ್ಮ ಕಣ್ಣು ಮೊದಲು ಹೋಗಿ ನಿಲ್ಲುವುದು ಸಹಿ ಹಾಕದ ಇಬ್ಬರ ಮೇಲೆ. ಚಿತ್ರದಲ್ಲಿರುವ ಸ್ಪೇನಿನ ಪ್ರತಿನಿಧಿ ಲಾಬ್ರಡಾರ್ ಅವರ ಕಥೆ ಇನ್ನೂ ಬೇರೆ. ಪಾರ್ಮಾ ಸಂಸ್ಥಾನವನ್ನು ಸ್ಪೇನಿನ ರಾಜವಂಶದ ಬಳಿಗೆ ಮರಳಿಸದೆ ನೆಪೋಲಿಯನ್ನನ ಪತ್ನಿ ಮೇರಿ ಲೂಯಿಸಾಗೆ ಕೊಟ್ಟದ್ದು ಸೇರಿದಂತೆ ಹಲವು ಕಾರಣಗಳಿಗಾಗಿ ಅವರು ಸಹಿ ಹಾಕಲು ಒಪ್ಪಲೇ ಇಲ್ಲ. ಸ್ಪೇನ್ ಆ ಒಪ್ಪಂದವನ್ನು ಸ್ವೀಕರಿಸಿದ್ದು 1817ರಲ್ಲಿ. ಸಹಿ ಹಾಕಲು ನಿರಾಕರಿಸಿದ ಮನುಷ್ಯನನ್ನೂ ‘ಸಹಿ ಹಾಕುತ್ತಿರುವ ನಾಯಕರ’ ಸಾಲಿಗೆ ಸೇರಿಸಿದಂತಾಯಿತು.

ಹಾಗಾದರೆ ಈ ಚಿತ್ರ ಫೆಬ್ರವರಿಯ ಆ ಎರಡು ವಾರಗಳಲ್ಲಿ ನಡೆದ ಒಂದು ಸಭೆಯ ನೇರ ದಾಖಲೆಯೇ ಎಂದರೆ, ಅದೂ ಅಲ್ಲ. ಇದನ್ನು ರಚಿಸಿದವರು ಫ್ರಾನ್ಸಿನ ಜ್ಯಾಂ-ಬ್ಯಾಪ್ತಿಸ್ತ್ ಇಸಬೇ. ಅಂಗೈಯಗಲದ ದಂತಫಲಕದ ಮೇಲೆ ಮುಖ ಬಿಡಿಸುವ ಕಿರುಭಾವಚಿತ್ರದ ಕಲೆಯಲ್ಲಿ ಹೆಸರಾದವರು, ಫ್ರೆಂಚ್ ವರ್ಣಚಿತ್ರಕಾರ ದಾವೀದ್ ಅವರ ಶಿಷ್ಯರು, ನೆಪೋಲಿಯನ್ನನ ಆಸ್ಥಾನದಲ್ಲಿದ್ದು 1804ರ ಪಟ್ಟಾಭಿಷೇಕದ ಚಿತ್ರಗಳನ್ನು ಬರೆದವರು. ನೆಪೋಲಿಯನ್ ಪದಚ್ಯುತನಾದ ಮೇಲೆ ಅವರು ವಿಯೆನ್ನಾಕ್ಕೆ ಹೋದರು. ಟ್ಯಾಲಿರ್ಯಾಂಡ್ ಅವರ ಪ್ರೋತ್ಸಾಹ ಅವರಿಗಿತ್ತು. ಅಲ್ಲಿ ತಮ್ಮ ಚಿತ್ರಶಾಲೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮುಖಗಳನ್ನು ಬರೆದುಕೊಂಡರು, ಬಳಿಕ ಆ ಮುಖಗಳನ್ನೆಲ್ಲ ಒಂದೇ ಕೋಣೆಯೊಳಗೆ ಹೊಂದಿಸಿದರು. ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಬೆಳಕಿನಲ್ಲಿ ಕುಳಿತ ಇಪ್ಪತ್ತಮೂರು ಮುಖಗಳಿಗೆ ಒಂದೇ ಬೆಳಕು ಬೀಳುವಂತೆ ಮಾಡಿ, ಯಾರೂ ಯಾರನ್ನೂ ಮರೆಮಾಡದಂತೆ, ಆದರೂ ಎಲ್ಲರೂ ಸಾಲಾಗಿ ನಿಂತ ಹಾಗೆ ಕಾಣದಂತೆ ಜೋಡಿಸುವುದು ಎಷ್ಟು ಕಷ್ಟದ ಕೆಲಸವೆಂಬುದನ್ನು ಗುಂಪಿನ ಚಿತ್ರ ಬರೆಯಲು ಒಮ್ಮೆ ಪ್ರಯತ್ನಿಸಿದವರೆಲ್ಲ ಬಲ್ಲರು. ತಡವಾಗಿ ಬಂದ ವೆಲ್ಲಿಂಗ್ಟನ್ನರನ್ನು ಬಾಗಿಲ ಕಡೆ ನಿಲ್ಲಿಸಿ, ತಡವಾಗಿ ಬಂದದ್ದನ್ನೇ ಚಿತ್ರದ ಕಥೆಯಾಗಿಸಿದ್ದು ಇಸಬೇ ಅವರ ಜಾಣ್ಮೆ. ಅವರ ಕಂದುಮಸಿಯ ಮೂಲ ಚಿತ್ರವನ್ನು ಬ್ರಿಟನ್ನಿನ ದೊರೆ ನಾಲ್ಕನೆಯ ಜಾರ್ಜ್ ಕೊಂಡರು. ಅದು ವಿಂಡ್ಸರ್ ಕೋಟೆಯ ರಾಜಸಂಗ್ರಹದಲ್ಲಿದೆ.

ಪುರವಣಿಯಲ್ಲಿ ಅಚ್ಚಾದದ್ದು ಆ ಮೂಲವಲ್ಲ, ಅದನ್ನು ನೋಡಿಕೊಂಡು ಜ್ಯಾಂ ಗೊದ್‌ಫ್ರುವಾ ಎಂಬವರು ಕೆತ್ತಿ 1819ರಲ್ಲಿ ಪ್ರಕಟವಾದ ಅಚ್ಚುಚಿತ್ರ. ಇಲ್ಲಿ ತುಸು ನಿಲ್ಲಲು ಅಪ್ಪಣೆ ಬೇಡುತ್ತೇನೆ, ಏಕೆಂದರೆ ನಾನು ಹಿಂದೆ ಕೆಲವು ವರ್ಷ ತಾಮ್ರಫಲಕದ ಮೇಲೆ ಕೆತ್ತುವುದನ್ನು ಕಲಿತವನು. ಆ ಕೆಲಸದಲ್ಲಿ ಕೈ ಎಷ್ಟು ನೋಯುತ್ತದೆಂಬುದು ನನಗೆ ಗೊತ್ತು. ಮೂಲ ಚಿತ್ರದಲ್ಲಿ ಇಸಬೇ ನೀರು ಬೆರೆಸಿದ ಮಸಿಯನ್ನು ಕುಂಚದಲ್ಲಿ ಹರಡಿ ನೆರಳನ್ನು ಮೂಡಿಸಿದ್ದರು. ಲೋಹದ ಫಲಕದ ಮೇಲೆ ಹರಡಲು ನೆರಳೆಂಬುದೇ ಇರುವುದಿಲ್ಲ; ಅಲ್ಲಿ ಗೆರೆಯೊಂದಿದೆ, ಚುಕ್ಕಿಯೊಂದಿದೆ. ಒಂದು ಕೆನ್ನೆ ದುಂಡಗೆ ಕಾಣಬೇಕಾದರೆ ಚುಕ್ಕಿಗಳನ್ನು ಎಲ್ಲಿ ಒತ್ತಾಗಿಸಬೇಕು, ಎಲ್ಲಿ ವಿರಳಗೊಳಿಸಬೇಕು, ರೇಷ್ಮೆಯ ಕಾಲುಚೀಲಕ್ಕೂ ಉಣ್ಣೆಯ ಅಂಗಿಗೂ ಗೆರೆ ಹೇಗೆ ಬೇರೆಯಾಗಬೇಕು ಎಂಬುದನ್ನೆಲ್ಲ ಕೆತ್ತುವವನೇ ತೀರ್ಮಾನಿಸಬೇಕು. ಚೂಪಾದ ಉಳಿಯನ್ನು ಅಂಗೈಯಿಂದ ಮುಂದಕ್ಕೆ ತಳ್ಳುತ್ತ ಹೋದಂತೆ ತಾಮ್ರ ಸಣ್ಣ ಸುರುಳಿಯಾಗಿ ಎದ್ದುಬರುತ್ತದೆ; ಆಳವಾಗಿ ಹೋದ ಗೆರೆ ಹೆಚ್ಚು ಮಸಿ ಹಿಡಿದು ಕಪ್ಪಾಗುತ್ತದೆ, ಮೇಲುಮೇಲಿನ ಗೆರೆ ನಸುಬೂದಿಯಾಗುತ್ತದೆ. ಬಳಿಕ ಫಲಕಕ್ಕೆ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಮಾಡಿದ ಕಾಗದವನ್ನು ಅದರ ಮೇಲಿಟ್ಟು ಉರುಳೆಗಳ ನಡುವೆ ಹಾಯಿಸಿದರೆ ಗೆರೆಯೊಳಗಿನ ಮಸಿಯನ್ನು ಕಾಗದ ಹೀರಿಕೊಳ್ಳುತ್ತದೆ. ಫಲಕದ ಎಡಭಾಗ ಕಾಗದದ ಮೇಲೆ ಬಲಭಾಗವಾಗುತ್ತದೆ. ಆದ್ದರಿಂದ ವೆಲ್ಲಿಂಗ್ಟನ್ ಮೂಲದಲ್ಲಿರುವಂತೆ ಎಡಗಡೆಯೇ ಕಾಣಬೇಕಾದರೆ ಕೆತ್ತುವವನು ಇಪ್ಪತ್ತಮೂರು ಜನರನ್ನೂ ತಿರುಗುಮುರುಗಾಗಿ ಕೆತ್ತಬೇಕು. ಒಂದು ಗೆರೆ ತಪ್ಪಿದರೆ ಅಳಿಸಲಾಗದು. ಫಲಕವನ್ನು ಹೆರೆದು, ಉಜ್ಜಿ ನುಣುಪು ಮಾಡಿ, ಆ ಭಾಗವನ್ನು ಮತ್ತೆ ಕೆತ್ತಬೇಕಾಗುತ್ತದೆ.

ಇಂಥ ಅಚ್ಚುಚಿತ್ರಗಳ ಕೆಳ ಅಂಚಿನಲ್ಲಿ, ಚಿತ್ರದ ಚೌಕಟ್ಟಿಗೆ ಅಂಟಿಕೊಂಡಂತೆ, ಬಹಳ ಸಣ್ಣ ಅಕ್ಷರಗಳಲ್ಲಿ ಎರಡು ಹೆಸರುಗಳಿರುವುದು ವಾಡಿಕೆ. ಎಡಗಡೆಯಲ್ಲಿ ಚಿತ್ರ ಬರೆದವನ ಹೆಸರು, ಬಲಗಡೆಯಲ್ಲಿ ಕೆತ್ತಿದವನ ಹೆಸರು. ಆ ಹೆಸರುಗಳ ಪಕ್ಕದಲ್ಲಿ ‘ಡೆಲಿನಿಯಾವಿಟ್’, ‘ಪಿಂಕ್ಸಿಟ್’, ‘ಸ್ಕಲ್ಪ್ಸಿಟ್’ ಎಂಬ ಲ್ಯಾಟಿನ್ ಪದಗಳಿರುವುದುಂಟು. ಕ್ರಮವಾಗಿ ರೇಖಿಸಿದನು, ಬಣ್ಣದಲ್ಲಿ ಬರೆದನು, ಕೆತ್ತಿದನು ಎಂದು ಅವುಗಳ ಅರ್ಥ. ಪುಟವಿನ್ಯಾಸ ಮಾಡುವವರು ಚಿತ್ರವನ್ನು ಅಂಕಣದ ಅಗಲಕ್ಕೆ ಹೊಂದಿಸಲು ಮೊದಲು ಕತ್ತರಿಸುವುದು ಈ ಅಂಚನ್ನೇ. ಹೀಗೆ ಎರಡು ಹೆಸರುಗಳು ಕಾಲಿಂಚಿನಷ್ಟು ಕಾಗದದೊಂದಿಗೆ ಮಾಯವಾಗುತ್ತವೆ, ಹೆಸರಿಲ್ಲದ ಚಿತ್ರವೊಂದು ಉಳಿದುಕೊಳ್ಳುತ್ತದೆ, ಹೆಸರಿಲ್ಲದ ಚಿತ್ರಕ್ಕೆ ಯಾರು ಯಾವ ಅಡಿಬರಹ ಕೊಟ್ಟರೂ ನಡೆಯುತ್ತದೆ. ‘1815ರ ಸಹಿ’ ಎಂಬ ತಪ್ಪು ಹುಟ್ಟಿದ್ದು ಹೀಗೆಯೇ ಇರಬೇಕೆಂದು ನನ್ನ ಊಹೆ. ‘ಕೆತ್ತನೆ: ಗೊದ್‌ಫ್ರುವಾ, 1819’ ಎಂಬ ಮೂರು ಪದ ಅಲ್ಲಿದ್ದಿದ್ದರೆ, ನಾಲ್ಕು ವರ್ಷದ ಅಂತರವನ್ನು ಕಂಡ ಯಾವ ಓದುಗನೂ ಇದನ್ನು ಸ್ಥಳದಲ್ಲೇ ಹಿಡಿದ ದೃಶ್ಯವೆಂದು ಭಾವಿಸುತ್ತಿರಲಿಲ್ಲ.

ಚಿತ್ರವನ್ನು ರಚಿಸಲಾಗಿದೆ, ಅದು ತಾನಾಗಿ ಸಿಕ್ಕ ದೃಶ್ಯವಲ್ಲ ಎಂಬುದು ಗೊತ್ತಾದಾಗ ಮಾತ್ರ ಅದು ಏನನ್ನು ತೋರಿಸಲು ಬಯಸಿತೆಂದು ಕೇಳಲು ಸಾಧ್ಯ. ಕೋಣೆಯಲ್ಲಿ ಯಾರ ಮುಖದಲ್ಲೂ ಸಿಟ್ಟಿಲ್ಲ. ಸೋತ ಫ್ರಾನ್ಸಿನ ಪ್ರತಿನಿಧಿ ಗೆದ್ದವರಷ್ಟೇ ಗೌರವದಿಂದ ಮೇಜಿನ ಬಳಿ ಕುಳಿತಿದ್ದಾರೆ. ಆದರೆ ಆ ಕುರ್ಚಿ ಅವರಿಗೆ ಸುಲಭವಾಗಿ ಸಿಕ್ಕಿರಲಿಲ್ಲ. 1814ರ ಸೆಪ್ಟೆಂಬರ್ 30ರಂದು ಮೆಟರ್ನಿಕ್ ಕರೆದ ಸಭೆಯಲ್ಲಿ ಆಸ್ಟ್ರಿಯಾ, ಬ್ರಿಟನ್, ಪ್ರಷ್ಯಾ, ರಷ್ಯಾಗಳು ತಮ್ಮನ್ನು ‘ಮಿತ್ರರಾಷ್ಟ್ರಗಳು’ ಎಂದು ಕರೆದುಕೊಂಡ ಕಾಗದವನ್ನು ಓದಿದ ಟ್ಯಾಲಿರ್ಯಾಂಡ್, ಫ್ರಾನ್ಸಿನೊಂದಿಗೆ ಮೇ 30ರಂದೇ ಪ್ಯಾರಿಸ್ಸಿನಲ್ಲಿ ಶಾಂತಿ ಒಪ್ಪಂದ ಆಗಿರುವಾಗ ಯಾರ ವಿರುದ್ಧ ಈ ಮೈತ್ರಿ ಎಂದು ಕೇಳಿ ಆ ಪದವನ್ನೇ ಅಲುಗಾಡಿಸಿದರು. ಆ ಪ್ಯಾರಿಸ್ ಒಪ್ಪಂದಕ್ಕೆ ಸಹಿ ಹಾಕಿದ ಎಂಟು ರಾಷ್ಟ್ರಗಳ ಪ್ರತಿನಿಧಿಗಳೇ ಇಸಬೇ ಚಿತ್ರದಲ್ಲಿರುವವರು. ಮೇಲಿನ ನಾಲ್ಕರ ಜೊತೆಗೆ ಫ್ರಾನ್ಸ್, ಸ್ಪೇನ್, ಪೋರ್ಚುಗಲ್, ಸ್ವೀಡನ್ ಸೇರಿ ಎಂಟು. ಅಂದರೆ ಚಿತ್ರದ ಚೌಕಟ್ಟೇ ಟ್ಯಾಲಿರ್ಯಾಂಡ್ ಅವರ ವಾದವನ್ನು ಒಪ್ಪಿಕೊಂಡ ಚೌಕಟ್ಟು. ಅದನ್ನು ಬರೆದ ಕಲಾವಿದನೂ ಅವರ ಬಳಗದವನು. ಇದನ್ನು ತಿಳಿದು ನೋಡಿದರೆ ಮೇಜಿನ ಮೇಲಿನ ಆ ತೋಳಿಗೆ ಬೇರೆಯದೇ ತೂಕ ಬರುತ್ತದೆ.

ಆ ಶಾಂತ ಮುಖಗಳ ಹಿಂದೆ ಇದ್ದದ್ದು ಇನ್ನೊಂದು ಯುದ್ಧದ ಸಿದ್ಧತೆ. ಪೋಲೆಂಡಿನ ನೆಲವನ್ನು ರಷ್ಯಾ, ಸ್ಯಾಕ್ಸನಿಯನ್ನು ಪ್ರಷ್ಯಾ ಪೂರ್ತಿಯಾಗಿ ಬೇಡುತ್ತಿದ್ದವು. ಉಳಿದವರು ಒಪ್ಪಲಿಲ್ಲ. 1815ರ ಜನವರಿ 3ರಂದು ಬ್ರಿಟನ್, ಆಸ್ಟ್ರಿಯಾ ಮತ್ತು ಫ್ರಾನ್ಸ್ ಒಂದು ರಹಸ್ಯ ಒಪ್ಪಂದ ಮಾಡಿಕೊಂಡು, ಅಗತ್ಯ ಬಿದ್ದರೆ ತಲಾ ಒಂದೂವರೆ ಲಕ್ಷ ಸೈನಿಕರನ್ನು ಒದಗಿಸುವುದಾಗಿ ಪರಸ್ಪರ ಮಾತು ಕೊಟ್ಟವು. ಚಿತ್ರದಲ್ಲಿ ಹತ್ತಡಿಯ ಅಂತರದಲ್ಲಿ ಕುಳಿತು ನಿಂತಿರುವ ಕ್ಯಾಸಲ್‌ರೀ, ಮೆಟರ್ನಿಕ್, ಟ್ಯಾಲಿರ್ಯಾಂಡ್ ಮೂವರೂ ಅದಕ್ಕೆ ಸಹಿ ಹಾಕಿದವರು. ಅದೇ ಕೋಣೆಯಲ್ಲಿರುವ ಪ್ರಷ್ಯಾದ ಹಾರ್ಡನ್‌ಬರ್ಗ್ ಮತ್ತು ರಷ್ಯಾದ ನೆಸ್ಸೆಲ್‌ರೋಡ್ ಅವರ ರಾಜ್ಯಗಳ ವಿರುದ್ಧವೇ ಆ ಒಪ್ಪಂದವಿತ್ತು. ಕಡೆಗೆ ಫೆಬ್ರವರಿಯಲ್ಲಿ, ಚಿತ್ರ ಸೂಚಿಸುವ ಅದೇ ದಿನಗಳಲ್ಲಿ, ರಾಜಿಯಾಯಿತು. ಪ್ರಷ್ಯಾಕ್ಕೆ ಸ್ಯಾಕ್ಸನಿಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಸಿಕ್ಕಿತು. ವಾರ್ಸಾ ಸಂಸ್ಥಾನದ ಬಹುಭಾಗ ರಷ್ಯಾದ ತ್ಸಾರ್, ಅಂದರೆ ಚಕ್ರವರ್ತಿಯ, ಕೈಕೆಳಗಿನ ಪೋಲೆಂಡ್ ರಾಜ್ಯವಾಯಿತು. ಕ್ರಾಕೋ ನಗರವನ್ನು ಸ್ವತಂತ್ರ ನಗರವೆಂದು ಸಾರಲಾಯಿತು. ಪ್ಯಾರಿಸ್ಸಿಗೆ ಮರಳಿದ ನೆಪೋಲಿಯನ್ ಆ ರಹಸ್ಯ ಒಪ್ಪಂದದ ಪ್ರತಿಯನ್ನು ಅರಮನೆಯ ಕಾಗದಗಳಲ್ಲಿ ಕಂಡು ತ್ಸಾರ್ ಅಲೆಕ್ಸಾಂಡರ್‌ಗೆ ಕಳುಹಿಸಿದ. ಮೈತ್ರಿಕೂಟ ಒಡೆಯಲಿಲ್ಲ. ಆದರೆ ಚಿತ್ರದಲ್ಲಿ ಕಾಣುವ ಸೌಹಾರ್ದವನ್ನು ಹಾಗೆಯೇ ನಂಬಬಾರದೆನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಕೋಣೆಯೊಳಗೆ ಇಲ್ಲದವರ ಬಗ್ಗೆಯೂ ಹೇಳಬೇಕು. ಸ್ಯಾಕ್ಸನಿಯ ದೊರೆ ಲೈಪ್‌ಜಿಗ್ ಕದನದಲ್ಲಿ ಸೆರೆಸಿಕ್ಕು ಪ್ರಷ್ಯಾದ ವಶದಲ್ಲಿದ್ದ. ತನ್ನ ಸ್ವಾತಂತ್ರ್ಯ ಮರಳಿ ಬರುವುದೆಂದು ನಂಬಿದ್ದ ಜಿನೋವಾ ಗಣರಾಜ್ಯದ ಪ್ರತಿನಿಧಿ ವಿಯೆನ್ನಾದಲ್ಲೇ ಇದ್ದು ಪ್ರತಿಭಟಿಸಿದರೂ ಅದನ್ನು ಸಾರ್ಡೀನಿಯಾಕ್ಕೆ ಸೇರಿಸಲಾಯಿತು. ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಫ್ರಾಂಕ್‌ಫರ್ಟಿನ ಯಹೂದಿಗಳ ವಿಷಯ. ಫ್ರೆಂಚರ ಪ್ರಭಾವವಿದ್ದ ಕಾಲದಲ್ಲಿ, 1811ರಲ್ಲಿ, ದೊಡ್ಡ ಮೊತ್ತ ತೆತ್ತು ಪೌರಹಕ್ಕು ಪಡೆದಿದ್ದ ಅವರು, ಅದನ್ನು ಉಳಿಸಿಕೊಡಿರೆಂದು ಕೇಳಲು ತಮ್ಮ ಪ್ರತಿನಿಧಿಗಳನ್ನು ವಿಯೆನ್ನಾಕ್ಕೆ ಕಳುಹಿಸಿದ್ದರು. ಜರ್ಮನ್ ರಾಜ್ಯಗಳನ್ನು ಒಂದುಗೂಡಿಸಲು ವಿಯೆನ್ನಾದಲ್ಲಿ ರೂಪಿಸಿದ ಜರ್ಮನ್ ಒಕ್ಕೂಟದ ಕಾಯಿದೆಯ 16ನೆಯ ವಿಧಿಯ ಕರಡಿನಲ್ಲಿ, ರಾಜ್ಯಗಳಲ್ಲಿ ಯಹೂದಿಗಳಿಗೆ ಈಗಾಗಲೇ ದೊರೆತಿರುವ ಹಕ್ಕುಗಳು ಮುಂದುವರಿಯುತ್ತವೆ ಎಂಬ ಮಾತಿತ್ತು. ಕೊನೆಯ ಗಳಿಗೆಯಲ್ಲಿ ಅದು, ರಾಜ್ಯಗಳಿಂದ ದೊರೆತಿರುವ ಹಕ್ಕುಗಳು ಎಂದಾಯಿತು. ಫ್ರೆಂಚರ ಕಾಲದ ಹಕ್ಕುಗಳು ರಾಜ್ಯಗಳಲ್ಲಿ ದೊರೆತದ್ದು ನಿಜ, ಹಳೆಯ ರಾಜ್ಯಗಳಿಂದ ದೊರೆತದ್ದಲ್ಲ ಎಂದು ವಾದಿಸಲು ದಾರಿಯಾಯಿತು. ಕನ್ನಡದಲ್ಲಿ ಹೇಳುವುದಾದರೆ ಒಂದು ವಿಭಕ್ತಿ ಪ್ರತ್ಯಯ ಬದಲಾಗಿ ಸಾವಿರಾರು ಜನರ ಬದುಕು ಮತ್ತೆ ಹಿಂದಕ್ಕೆ ಹೋಯಿತು. ಯಾವ ಕುಂಚವೂ ಯಾವ ಉಳಿಯೂ ಇಂಥ ಘಟನೆಯನ್ನು ತೋರಿಸಲಾರದು. ಅದಕ್ಕಾಗಿಯೇ ಚಿತ್ರದ ಪಕ್ಕದಲ್ಲಿ ಬರುವ ಅಕ್ಷರಗಳ ಮೇಲೆ ಅಷ್ಟು ಹೊಣೆಯಿದೆ.

ಇಷ್ಟು ಬರೆದದ್ದರಿಂದ ನಾನು ವಿಯೆನ್ನಾ ಒಪ್ಪಂದವನ್ನು ಹಗುರವಾಗಿ ಕಾಣುತ್ತೇನೆಂದು ತಿಳಿಯಬಾರದು. ನೂರ ಇಪ್ಪತ್ತೊಂದು ವಿಧಿಗಳ ಆ ಬೃಹತ್ ಕಾಗದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಯುದ್ಧದಿಂದ ಬಸವಳಿದ ಜನರಿಗೆ ಉಸಿರಾಡಲು ಅವಕಾಶ ಕೊಟ್ಟಿತು. ಮಹಾಶಕ್ತಿಗಳು ಒಂದರ ಮೇಲೊಂದು ಏರಿಹೋಗುವ ಯುದ್ಧ ಅದಾದ ಮೇಲೆ ಕ್ರಿಮಿಯಾದ ಯುದ್ಧದ ತನಕ, ಅಂದರೆ ನಾಲ್ಕು ದಶಕಗಳ ಹತ್ತಿರ ಹತ್ತಿರ, ಸಂಭವಿಸಲಿಲ್ಲ. ಸ್ವಿಟ್ಜರ್ಲೆಂಡಿನ ತಟಸ್ಥತೆಗೆ ಮನ್ನಣೆ ದೊರೆಯಿತು. ಹಲವು ರಾಜ್ಯಗಳ ಮೂಲಕ ಹರಿಯುವ ನದಿಗಳಲ್ಲಿ ಎಲ್ಲರಿಗೂ ನೌಕಾಸಂಚಾರದ ಹಕ್ಕಿರಬೇಕೆಂಬ ತತ್ತ್ವ ಅಲ್ಲಿ ಮೂಡಿತು. ಅದರಿಂದ ಹುಟ್ಟಿದ ರೈನ್ ನದಿಯ ಆಯೋಗ ಈಗಲೂ ಸ್ಟ್ರಾಸ್‌ಬರ್ಗಿನಲ್ಲಿ ಕೆಲಸ ಮಾಡುತ್ತಿದೆ. ರಾಯಭಾರಿಗಳಲ್ಲಿ ಯಾರು ಮೊದಲು, ಯಾರು ಆಮೇಲೆ ಎಂಬ ಹಳೆಯ ಜಗಳವನ್ನು 1815ರ ಮಾರ್ಚ್ 19ರ ನಿಯಮಗಳು ದರ್ಜೆ ಹಾಗೂ ಹಿರಿತನದ ಲೆಕ್ಕದಲ್ಲಿ ಬಗೆಹರಿಸಿದವು. ಒಪ್ಪಂದದ ಎಲ್ಲ ಪ್ರತಿಗಳೂ ಫ್ರೆಂಚ್ ಭಾಷೆಯಲ್ಲಿದ್ದವು. ಆದರೆ ಇದು ಮುಂದಕ್ಕೆ ಮೇಲ್ಪಂಕ್ತಿಯಾಗದು, ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ಭಾಷೆಯನ್ನು ಬಳಸುವ ಹಕ್ಕಿದೆ ಎಂದು 120ನೆಯ ವಿಧಿ ಸ್ಪಷ್ಟವಾಗಿ ಹೇಳಿತು. ಭಾಷೆಯ ಪ್ರಶ್ನೆಯನ್ನು ಅಷ್ಟು ದೊಡ್ಡ ಒಪ್ಪಂದದ ಕಟ್ಟಕಡೆಯಲ್ಲಿ ಮರೆಯದೆ ಸೇರಿಸಿದ್ದನ್ನು ಓದಿದಾಗ ನನಗೆ ಸಂತೋಷವಾಗಿತ್ತು.

ಗುಲಾಮರ ವ್ಯಾಪಾರದ ಮೇಲಿನ ಘೋಷಣೆಯನ್ನೂ ಇಲ್ಲಿ ನೆನೆಯಬೇಕು. ಬ್ರಿಟನ್ನಿನಲ್ಲಿ ಲಕ್ಷಾಂತರ ಜನ ಸಹಿ ಹಾಕಿದ ಮನವಿಗಳು ಸಂಸತ್ತಿಗೆ ಬಂದಿದ್ದುದರಿಂದ ಕ್ಯಾಸಲ್‌ರೀ ಆ ವಿಷಯವನ್ನು ವಿಯೆನ್ನಾದಲ್ಲಿ ಎತ್ತಲೇಬೇಕಾಯಿತು. 1815ರ ಫೆಬ್ರವರಿ 8ರಂದು ಎಂಟು ರಾಷ್ಟ್ರಗಳು ಆ ವ್ಯಾಪಾರವನ್ನು ಮಾನವೀಯತೆಗೆ ವಿರುದ್ಧವೆಂದು ಖಂಡಿಸಿದವು, ಆದರೆ ಅದನ್ನು ನಿಲ್ಲಿಸಲು ಯಾವ ಗಡುವನ್ನೂ ಗೊತ್ತುಮಾಡಲಿಲ್ಲ. ಚಿತ್ರದಲ್ಲಿ ಕ್ಯಾಸಲ್‌ರೀ ಮತ್ತು ವೆಲ್ಲಿಂಗ್ಟನ್ ಇಬ್ಬರೂ ಇರುವುದರಿಂದ ಅದು ಸೂಚಿಸುವ ಕಾಲ ಈ ಘೋಷಣೆಯ ಆಸುಪಾಸಿನದೇ. ಒಬ್ಬ ಶಿಕ್ಷಕ ಇದನ್ನು ತರಗತಿಯಲ್ಲಿ ತೋರಿಸುವಾಗ ಆ ಒಂದು ಮಾತು ಸೇರಿಸಿದರೆ ಮಕ್ಕಳು ಕೇಳುವ ಪ್ರಶ್ನೆಗಳೇ ಬದಲಾಗುತ್ತವೆ.

ಇನ್ನು 1819ರ ವಿಷಯ. ಅಚ್ಚುಚಿತ್ರ ಹೊರಬಂದ ವರ್ಷವನ್ನು ಅಡಿಬರಹದಲ್ಲಿ ಹೇಳಬೇಕೆಂದು ನಾನು ಒತ್ತಾಯಿಸುವುದಕ್ಕೆ ಇದೇ ಮುಖ್ಯ ಕಾರಣ. ಪತ್ರಿಕೆಯವರಾದ ತಮಗೆ ಇದು ಹೆಚ್ಚು ಹತ್ತಿರದ್ದೂ ಹೌದು. ವಿಯೆನ್ನಾದಲ್ಲಿ 1815ರ ಜೂನ್ 8ರಂದು ಅಂಗೀಕಾರವಾದ ಜರ್ಮನ್ ಒಕ್ಕೂಟದ ಕಾಯಿದೆಯ 18ನೆಯ ವಿಧಿಯಲ್ಲಿ, ಒಕ್ಕೂಟದ ಸಭೆ ತನ್ನ ಮೊದಲ ಅಧಿವೇಶನದಲ್ಲೇ ಪತ್ರಿಕಾ ಸ್ವಾತಂತ್ರ್ಯದ ಬಗ್ಗೆಯೂ, ಅನುಮತಿಯಿಲ್ಲದ ಮರುಮುದ್ರಣದಿಂದ ಲೇಖಕರ ಮತ್ತು ಪ್ರಕಾಶಕರ ಹಕ್ಕುಗಳನ್ನು ಕಾಪಾಡುವ ಬಗ್ಗೆಯೂ ಏಕರೂಪದ ನಿಯಮಗಳನ್ನು ಪರಿಶೀಲಿಸುವುದು ಎಂಬ ಭರವಸೆಯಿತ್ತು. ಅದಕ್ಕಾಗಿ ಪುಸ್ತಕ ವ್ಯಾಪಾರಿಗಳ ಪರವಾಗಿ ಪ್ರಕಾಶಕ ಕೊಟ್ಟಾ ಮತ್ತು ಬೆರ್ಟುಕ್ ವಿಯೆನ್ನಾಕ್ಕೆ ಬಂದು ಓಡಾಡಿದ್ದರು. ನಾಲ್ಕು ವರ್ಷ ಕಳೆಯಿತು. 1819ರ ಮಾರ್ಚ್‌ನಲ್ಲಿ ನಾಟಕಕಾರ ಕೊಟ್ಸೆಬು ಅವರ ಕೊಲೆಯಾದದ್ದನ್ನು ನೆಪವಾಗಿಸಿಕೊಂಡು ಮೆಟರ್ನಿಕ್ ಕಾರ್ಲ್ಸ್‌ಬಾದ್ ಎಂಬ ಪಟ್ಟಣದಲ್ಲಿ ಜರ್ಮನ್ ರಾಜ್ಯಗಳ ಸಚಿವರ ಸಭೆ ಸೇರಿಸಿದರು. ಆ ವರ್ಷದ ಸೆಪ್ಟೆಂಬರ್ 20ರಂದು ಒಕ್ಕೂಟದ ಸಭೆ ಅಲ್ಲಿನ ನಿರ್ಣಯಗಳನ್ನು ಅಂಗೀಕರಿಸಿತು. ಇಪ್ಪತ್ತು ಮುದ್ರಣ ಹಾಳೆಗಳಿಗಿಂತ, ಎಂದರೆ ಸುಮಾರು 320 ಪುಟಗಳಿಗಿಂತ, ಚಿಕ್ಕದಾದ ಯಾವ ಪ್ರಕಟಣೆಯೂ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅಚ್ಚಾಗಬಾರದೆಂದಾಯಿತು. ಪತ್ರಿಕೆಗಳು, ಕರಪತ್ರಗಳು ಎಲ್ಲವೂ ಅದರೊಳಗೆ ಬಂದವು. ಸ್ವಾತಂತ್ರ್ಯದ ಭರವಸೆ ಕೊಟ್ಟ ಒಕ್ಕೂಟವೇ ಕತ್ತರಿ ಹಿಡಿಯಿತು.

ಆ ಪತ್ರಿಕಾ ಕಾನೂನಿನ ಕರಡನ್ನು ಸಿದ್ಧಪಡಿಸಿದವರು ಫ್ರೀಡ್ರಿಕ್ ಗೆಂಟ್ಸ್. ವಿಯೆನ್ನಾ ಸಮಾವೇಶದ ಕಾರ್ಯದರ್ಶಿಯಾಗಿ ಅವರು ಇಸಬೇ ಚಿತ್ರದಲ್ಲಿ ಇದ್ದಾರೆ. ಕಾರ್ಲ್ಸ್‌ಬಾದಿನ ನಿರ್ಣಯಗಳನ್ನು ವಿರೋಧಿಸಿ ಅದೇ ವರ್ಷದ ಕೊನೆಯಲ್ಲಿ ಪ್ರಷ್ಯಾದ ಸಚಿವ ಸ್ಥಾನ ಕಳೆದುಕೊಂಡವರು ವಿಲ್‌ಹೆಲ್ಮ್ ಫಾನ್ ಹಂಬೋಲ್ಟ್. ವಿಯೆನ್ನಾದಲ್ಲಿ ಯಹೂದಿಗಳ ಹಕ್ಕಿನ ಪರವಾಗಿ ಮಾತಾಡಿದವರಲ್ಲಿ ಪ್ರಮುಖರು. ಅವರೂ ಅದೇ ಕೋಣೆಯಲ್ಲಿ, ಅದೇ ಬೆಳಕಿನಲ್ಲಿ, ಅದೇ ಶಾಂತ ಮುಖದಲ್ಲಿ ಇದ್ದಾರೆ. 1815ರ ಫೆಬ್ರವರಿಯಲ್ಲಿ ಒಂದೇ ಮೇಜಿನ ಸುತ್ತ ಇದ್ದವರೆಂದು ಕಾಣಿಸಿಕೊಂಡ ಈ ಇಬ್ಬರು, ಆ ಚಿತ್ರ ಅಚ್ಚಾಗಿ ಮಾರಾಟಕ್ಕೆ ಬಂದ ವರ್ಷದಲ್ಲಿ ಎದುರುಬದುರು ನಿಂತಿದ್ದರು. ಅಷ್ಟರಲ್ಲಿ ಟ್ಯಾಲಿರ್ಯಾಂಡ್ ಅಧಿಕಾರ ಕಳೆದುಕೊಂಡಿದ್ದರು. ನೆಪೋಲಿಯನ್ ಸೇಂಟ್ ಹೆಲೆನಾದಲ್ಲಿ ಬಂದಿಯಾಗಿದ್ದ. 1815ರ ನವೆಂಬರಿನ ಎರಡನೆಯ ಪ್ಯಾರಿಸ್ ಒಪ್ಪಂದದಂತೆ 70 ಕೋಟಿ ಫ್ರಾಂಕುಗಳ ಪರಿಹಾರದ ಹೊರೆ ಹೊತ್ತು, ತನ್ನ ನೆಲದಲ್ಲಿ ಪರದೇಶದ ಸೈನ್ಯವನ್ನು ಸಹಿಸಿದ್ದ ಫ್ರಾನ್ಸ್ 1818ರಲ್ಲಿ ಅದರಿಂದ ಬಿಡುಗಡೆ ಪಡೆದಿತ್ತು. ಅಂಥ ಹೊತ್ತಿನಲ್ಲಿ ಫ್ರಾನ್ಸಿನ ಕೆತ್ತನೆಗಾರನೊಬ್ಬ, ತನ್ನ ದೇಶದ ಪ್ರತಿನಿಧಿಗಳು ಉಳಿದವರೊಂದಿಗೆ ಸರಿಸಮನಾಗಿದ್ದ ಕೋಣೆಯೊಂದನ್ನು ತಾಮ್ರದ ಮೇಲೆ ಗೆರೆ ಗೆರೆಯಾಗಿ ಮೂಡಿಸಿದ್ದು ನನಗೆ ಕೇವಲ ಪ್ರತಿ ಮಾಡುವ ಕೆಲಸವಾಗಿ ಕಾಣುವುದಿಲ್ಲ. ಆತನ ಮನಸ್ಸಿನಲ್ಲಿ ಏನಿತ್ತೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಆತನ ಹೆಸರನ್ನೂ ಆ ವರ್ಷವನ್ನೂ ಅಳಿಸಿಬಿಟ್ಟರೆ ಇಂಥ ಪ್ರಶ್ನೆಯೇ ಓದುಗನಲ್ಲಿ ಹುಟ್ಟುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಪುರವಣಿಯಲ್ಲಿ ಈ ಅಡಿಬರಹಕ್ಕೆ ತಿದ್ದುಪಡಿ ಪ್ರಕಟಿಸಬೇಕು. ಹಳೆಯ ಕೆತ್ತನೆ ಚಿತ್ರವೊಂದನ್ನು ಬಳಸುವಾಗ ಅದರ ಕೆಳ ಅಂಚನ್ನು ಕತ್ತರಿಸದೆ ಉಳಿಸಬೇಕು. ಜಾಗವಿಲ್ಲದಿದ್ದರೆ ಅಲ್ಲಿರುವ ಹೆಸರುಗಳನ್ನು ಅಡಿಬರಹಕ್ಕೆ ತರಬೇಕು. ಹಕ್ಕುಸ್ವಾಮ್ಯದ ಅವಧಿ ಮುಗಿದ ಚಿತ್ರಕ್ಕೆ ಹೆಸರು ಕೊಡುವ ಅಗತ್ಯವಿಲ್ಲವೆಂದು ತಮ್ಮಲ್ಲಿ ಯಾರಾದರೂ ಹೇಳಬಹುದು. ಕಾನೂನಿನ ಅಗತ್ಯ ಇರಲಿಕ್ಕಿಲ್ಲ. ಆದರೆ ಇಂದಿನ ಛಾಯಾಗ್ರಾಹಕರ ಹೆಸರನ್ನು ಪ್ರತಿದಿನವೂ ತಪ್ಪದೆ ಮುದ್ರಿಸುವ ಪತ್ರಿಕೆಗೆ, ಇನ್ನೂರು ವರ್ಷ ಹಿಂದೆ ಅದೇ ಕೆಲಸವನ್ನು ಉಳಿ ಹಿಡಿದು ಮಾಡಿದವನ ಹೆಸರು ಭಾರವಾಗಬಾರದು.

ಇಂಥ ಗುಂಪಿನ ಅಚ್ಚುಚಿತ್ರಗಳೊಂದಿಗೆ ಆ ಕಾಲದಲ್ಲಿ ಇನ್ನೊಂದು ಸಣ್ಣ ಹಾಳೆಯನ್ನೂ ಕೊಡುವ ಪದ್ಧತಿಯಿತ್ತು. ಅದರಲ್ಲಿ ತಲೆಗಳ ಹೊರರೇಖೆಯಷ್ಟೇ ಇದ್ದು, ಪ್ರತಿಯೊಂದರ ಮೇಲೂ ಒಂದು ಅಂಕಿ, ಕೆಳಗೆ ಅಂಕಿಗಳ ಮುಂದೆ ಹೆಸರುಗಳು ಇರುತ್ತಿದ್ದವು. ತಿದ್ದುಪಡಿಯ ಜೊತೆಗೆ ಅಂಥದೊಂದು ರೇಖಾಚಿತ್ರವನ್ನೂ ಅಚ್ಚು ಹಾಕಲು ಸಾಧ್ಯವಾದರೆ ಗೆಂಟ್ಸ್ ಯಾರು, ಹಂಬೋಲ್ಟ್ ಯಾರು, ಸಹಿ ಹಾಕದ ಲಾಬ್ರಡಾರ್ ಯಾರು ಎಂದು ಓದುಗರು ತಾವೇ ಹುಡುಕಿಕೊಳ್ಳುತ್ತಾರೆ. ಅಷ್ಟಕ್ಕೆ ಜಾಗವಿಲ್ಲವೆಂದಾದರೆ ಈ ಒಂದು ಸಾಲು ಸಾಕು: ‘ವಿಯೆನ್ನಾ ಸಮಾವೇಶ, 1815. ರಚನೆ: ಜ್ಯಾಂ-ಬ್ಯಾಪ್ತಿಸ್ತ್ ಇಸಬೇ. ಕೆತ್ತನೆ: ಜ್ಯಾಂ ಗೊದ್‌ಫ್ರುವಾ, 1819.’

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಬಹುಕಾಲದ ಓದುಗ